ಸಿಂಪ್ಯೂಟರ್: ಒಂದು ಉಪಕರಣದ ಅಂಗರಚನೆ ಮತ್ತು ಅದರೊಳಗಿನ ಜನಪದ

ಕನ್ನಡ ಜಾನಪದ ಅಧ್ಯಯನದಲ್ಲಿ ವಸ್ತು ಸಂಸ್ಕೃತಿಯ ಶಾಖೆಯು ಬಹುಮಟ್ಟಿಗೆ ನೇಗಿಲು, ಕೂರಿಗೆ, ಕುಂಟೆ, ಬೀಸುವ ಕಲ್ಲು, ಒರಳು, ಒನಕೆ, ಕೊಳಗ, ಬಳ್ಳ ಮೊದಲಾದ ಉಪಕರಣಗಳ ಸುತ್ತ ಬೆಳೆದುಬಂದಿದೆ. ಒಂದು ಕೂರಿಗೆಯನ್ನು ವಿವರಿಸಹೊರಟ ಸಂಶೋಧಕನು ಅದರ ಬಟ್ಟಲು ಮತ್ತು ಕೊಳವೆಗಳ ಅಳತೆಯನ್ನು ಬರೆದುಕೊಂಡು ಅಲ್ಲಿಗೇ ನಿಲ್ಲುವುದಿಲ್ಲ. ಕೊಳವೆಗಳ ನಡುವಣ ಅಂತರವು ಯಾವ ಬೆಳೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಿರ್ಧಾರವಾಯಿತು, ಬೀಜ ಬಿಡುವ ಕೈ ಹೆಣ್ಣಿನದೋ ಗಂಡಿನದೋ, ಮುರಿದರೆ ಸರಿಪಡಿಸುವವನು ಯಾರು, ಅವನಿಗೆ ಸಲ್ಲುವ ಆಯ ಎಷ್ಟು ಎಂಬ ಪ್ರಶ್ನೆಗಳನ್ನೂ ಕೇಳುತ್ತಾನೆ. ಉಪಕರಣದ ಒಂದೊಂದು ಅಂಗವೂ ಅದನ್ನು ಬಳಸುವವರ ಕುರಿತು ರೂಪಿಸಿದವರು ಹೊಂದಿದ್ದ ಒಂದೊಂದು ಗ್ರಹಿಕೆ ಎಂಬುದು ಈ ವಿಧಾನದ ತಿರುಳು.

ಇದೇ ವಿಧಾನವನ್ನು ವಿದ್ಯುನ್ಮಾನ ಉಪಕರಣವೊಂದಕ್ಕೆ ಅನ್ವಯಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಅದಕ್ಕಾಗಿ ಆರಿಸಿಕೊಂಡಿರುವುದು ಬೆಂಗಳೂರಿನಲ್ಲಿ ರೂಪುಗೊಂಡ ಸಿಂಪ್ಯೂಟರ್ ಎಂಬ ಕೈಗಣಕ. ಸರಳ, ಅಗ್ಗ, ಬಹುಭಾಷಿಕ ಎಂಬ ಗುಣಗಳನ್ನು ಹೆಸರಿನಲ್ಲಿಯೇ ಅಡಗಿಸಿಕೊಂಡ ಈ ಯಂತ್ರಕ್ಕೆ ‘ಜನರ ಗಣಕ’ ಎಂಬ ವಿವರಣೆಯೂ ಪ್ರಚಾರದಲ್ಲಿತ್ತು. ಓದುಬರಹ ಬಾರದ ಹಳ್ಳಿಗರನ್ನು ಬಳಕೆದಾರರೆಂದು ಮೊದಲೇ ಭಾವಿಸಿ, ಆ ಭಾವನೆಗೆ ತಕ್ಕಂತೆ ಯಂತ್ರಾಂಶವನ್ನು ಜೋಡಿಸಿದ ಗಣಕಗಳು ಪ್ರಪಂಚದಲ್ಲಿಯೇ ವಿರಳ. ಹಾಗಾಗಿ ಈ ಯಂತ್ರದೊಳಗೆ ಒಂದು ಜನಪದದ ಚಿತ್ರವಿದೆ. ಆ ಚಿತ್ರ ಎಷ್ಟು ನಿಜ ಎಂಬುದನ್ನು ಪರಿಶೀಲಿಸುವ ಹೊಣೆ ಎಂಜಿನಿಯರುಗಳಿಗಿಂತ ಹೆಚ್ಚಾಗಿ ಜಾನಪದ ವಿದ್ವಾಂಸರದಾಗಿತ್ತು. ನಮ್ಮ ಕ್ಷೇತ್ರವು ಅದರ ಕಡೆ ಹೆಚ್ಚು ಗಮನ ಹರಿಸಲಿಲ್ಲವೆಂಬುದೇ ಈ ಬರವಣಿಗೆಗೆ ಪ್ರೇರಣೆ.

ಹಿನ್ನೆಲೆ

೧೯೯೮ರ ಅಕ್ಟೋಬರಿನಲ್ಲಿ ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಮೇಳದ ಅಂಗವಾಗಿ ಅಭಿವೃದ್ಧಿಶೀಲ ದೇಶಗಳಲ್ಲಿ ಮಾಹಿತಿ ತಂತ್ರಜ್ಞಾನವನ್ನು ಕುರಿತ ಅಂತರರಾಷ್ಟ್ರೀಯ ವಿಚಾರಸಂಕಿರಣವೊಂದು ನಡೆಯಿತು. ಅದರ ಸಿದ್ಧತೆಯ ಚರ್ಚೆಗಳಲ್ಲಿ ಸಿಂಪ್ಯೂಟರಿನ ಕಲ್ಪನೆ ಮೊಳೆಯಿತು. ಮರುವರ್ಷದ ನವೆಂಬರಿನಲ್ಲಿ ಸಿಂಪ್ಯೂಟರ್ ಟ್ರಸ್ಟ್ ಸ್ಥಾಪನೆಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರೂ ಸೇರಿ ಒಟ್ಟು ಏಳು ಮಂದಿ ಇದರ ಹಿಂದಿದ್ದರು. ೨೦೦೧ರಲ್ಲಿ ಮಾದರಿ ಯಂತ್ರವು ಸಾರ್ವಜನಿಕರ ಮುಂದೆ ಬಂತು. ಅದೇ ವರ್ಷದ ಕೊನೆಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಅದನ್ನು ವರ್ಷದ ಗಮನಾರ್ಹ ಆವಿಷ್ಕಾರವೆಂದು ಗುರುತಿಸಿತು. ಟ್ರಸ್ಟಿನ ಪರವಾನಗಿ ಪಡೆದು ತಯಾರಿಕೆಗೆ ಇಳಿದ ಸಂಸ್ಥೆಗಳು ಎರಡು: ಎನ್‌ಕೋರ್ ಮತ್ತು ಪಿಕೋಪೇಟಾ. ಇವುಗಳಲ್ಲಿ ಎರಡನೆಯದು ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ನೆರವಿನಿಂದ ೨೦೦೪ರಲ್ಲಿ ‘ಅಮಿಡಾ’ ಎಂಬ ಮಾದರಿಯನ್ನು ಮಾರುಕಟ್ಟೆಗೆ ತಂದಿತು.

ಆಗಿನ ಕರ್ನಾಟಕದ ಸ್ಥಿತಿಯನ್ನು ಒಂದು ಮಾತಿನಲ್ಲಿ ನೆನಪಿಸಿಕೊಳ್ಳುವುದು ಅವಶ್ಯಕ. ೨೦೦೧ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ನೂರಕ್ಕೆ ಸುಮಾರು ೬೭. ಸ್ತ್ರೀಯರಲ್ಲಿ ಅದು ಸುಮಾರು ೫೭ ಮಾತ್ರ. ಕೀಲಿಮಣೆ ಮತ್ತು ಇಂಗ್ಲಿಷ್ ಎಂಬ ಎರಡು ಬಾಗಿಲುಗಳ ಆಚೆಗೆ ಉಳಿದವರ ಸಂಖ್ಯೆ ಇದಕ್ಕಿಂತಲೂ ಬಹಳ ದೊಡ್ಡದು. ಸಿಂಪ್ಯೂಟರಿನ ಅಂಗರಚನೆಯನ್ನು ಈ ಹಿನ್ನೆಲೆಯಲ್ಲಿ ಓದಬೇಕು.

ಒಂದೇ ಫಲಕ

ಮೇಜಿನ ಮೇಲಿನ ಗಣಕವನ್ನು ಬಿಚ್ಚಿದರೆ ಒಳಗೆ ಒಂದು ತಾಯಿಫಲಕವೂ ಅದರ ಸೀಳುಗಳಲ್ಲಿ ಚುಚ್ಚಿದ ಬೇರೆಬೇರೆ ಬಿಲ್ಲೆಗಳೂ ಕಾಣುತ್ತವೆ. ಮೆಮೊರಿ ಸಾಲದಿದ್ದರೆ ಇನ್ನೊಂದು ಪಟ್ಟಿ ಸೇರಿಸಬಹುದು. ಧ್ವನಿ ಕೆಟ್ಟರೆ ಆ ಬಿಲ್ಲೆಯೊಂದನ್ನೇ ಬದಲಿಸಬಹುದು. ಉಪಕರಣಗಳ ಒಳಗೆ ಹುದುಗಿಸುವ ಗಣಕಗಳ ರೀತಿ ಬೇರೆ. ಅಲ್ಲಿ ಪ್ರೊಸೆಸರ್, ಮೆಮೊರಿ, ಹೊರಸಂಪರ್ಕದ ದ್ವಾರಗಳು ಎಲ್ಲವನ್ನೂ ಒಂದೇ ಫಲಕದ ಮೇಲೆ ಬೆಸುಗೆ ಹಾಕಿ ಕೂರಿಸಲಾಗುತ್ತದೆ. ಗಾತ್ರ, ವಿದ್ಯುತ್ತಿನ ಖರ್ಚು, ಬೆಲೆ ಮೂರೂ ಇದರಿಂದ ತಗ್ಗುತ್ತವೆ. ಪ್ರತಿಯಾಗಿ, ಹುಟ್ಟುವಾಗ ಏನಿತ್ತೋ ಅಷ್ಟೇ ಕೊನೆಯವರೆಗೂ ಇರುತ್ತದೆ. ಸಿಂಪ್ಯೂಟರ್ ಈ ಎರಡನೆಯ ಕುಲಕ್ಕೆ ಸೇರಿದ್ದು.

ಇದರ ಹೃದಯಸ್ಥಾನದಲ್ಲಿದ್ದ ಪ್ರೊಸೆಸರ್ ಇಂಟೆಲ್ ಸಂಸ್ಥೆಯ ಸ್ಟ್ರಾಂಗ್‌ಆರ್ಮ್ ಎಸ್‌ಎ-೧೧೧೦. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಏಕಾರ್ನ್ ಸಂಸ್ಥೆ ೧೯೮೦ರ ದಶಕದಲ್ಲಿ ರೂಪಿಸಿದ ಆರ್ಮ್ ವಿನ್ಯಾಸದ ಸಂತತಿ ಇದು. ಅಮೆರಿಕದ ಡಿಜಿಟಲ್ ಸಂಸ್ಥೆಯಲ್ಲಿ ಬೆಳೆದು ಆಮೇಲೆ ಇಂಟೆಲ್ ಪಾಲಾಯಿತು. ಅದರ ವೇಗ ೨೦೬ ಮೆಗಾಹರ್ಟ್ಜ್. ತೆರೆಯನ್ನು ನಿಯಂತ್ರಿಸುವ, ಅವಗೆಂಪು ಕಿರಣದ ಸಂಪರ್ಕವನ್ನು ನೋಡಿಕೊಳ್ಳುವ, ಮೆಮೊರಿಯನ್ನು ನಿರ್ವಹಿಸುವ ಮಂಡಲಗಳೆಲ್ಲ ಅದೇ ಚಿಪ್ಪಿನೊಳಗೆ ಅಡಕವಾಗಿದ್ದುದರಿಂದ ಫಲಕದ ಮೇಲೆ ಬೇರೆ ಚಿಪ್ಪುಗಳ ಅಗತ್ಯ ಕಡಿಮೆಯಾಯಿತು. ದಶಮಾಂಶ ಭಾಗವುಳ್ಳ ಸಂಖ್ಯೆಗಳನ್ನು ನೇರವಾಗಿ ಲೆಕ್ಕ ಹಾಕುವ ಘಟಕ ಮಾತ್ರ ಅದರಲ್ಲಿರಲಿಲ್ಲ; ಅಂಥ ಲೆಕ್ಕವನ್ನು ತಂತ್ರಾಂಶವು ನಿಧಾನವಾಗಿ ಮಾಡಬೇಕಾಗಿತ್ತು. ಈ ಕೊರತೆಯ ಪರಿಣಾಮವನ್ನು ಮುಂದೆ ನೋಡಲಿದ್ದೇವೆ. ಕೆಲಸದ ಮೆಮೊರಿ ೩೨ ಅಥವಾ ೬೪ ಮೆಗಾಬೈಟ್. ವಿದ್ಯುತ್ ನಿಂತರೂ ಅಳಿಯದ ಫ್ಲ್ಯಾಶ್ ಮೆಮೊರಿ ೨೪ರಿಂದ ೩೨ ಮೆಗಾಬೈಟ್. ತಿರುಗುವ ಡಿಸ್ಕ್ ಇರಲಿಲ್ಲ. ಧೂಳು, ಬಿಸಿಲು, ಎತ್ತಿನಗಾಡಿಯ ಕುಲುಕಾಟಗಳ ನಡುವೆ ಬಾಳಬೇಕಾದ ಯಂತ್ರಕ್ಕೆ ಇದು ಸರಿಯಾದ ಆಯ್ಕೆಯೇ. ನಡೆಸುವ ವ್ಯವಸ್ಥೆ ಲಿನಕ್ಸ್.

ಇಲ್ಲಿ ಒಂದು ಸಂಗತಿ ಗಮನಾರ್ಹ. ೨೦೦೦ದಲ್ಲಿ ಕಾಂಪ್ಯಾಕ್ ಸಂಸ್ಥೆ ಹೊರತಂದ ಐಪ್ಯಾಕ್ ಎಂಬ ಕೈಗಣಕದಲ್ಲಿಯೂ ಇದೇ ಪ್ರೊಸೆಸರ್, ಇದೇ ವೇಗದಲ್ಲಿ ಓಡುತ್ತಿತ್ತು. ಐಪ್ಯಾಕ್ ಅಧಿಕಾರಿಗಳ ಮತ್ತು ವ್ಯಾಪಾರಸ್ಥರ ಜೇಬಿಗಾಗಿ ಹುಟ್ಟಿದ್ದು. ಸಿಂಪ್ಯೂಟರ್ ಪಂಚಾಯಿತಿ ಕಟ್ಟೆಗಾಗಿ ಹುಟ್ಟಿದ್ದು. ಅಂದರೆ ಬಳಕೆದಾರನ ಕಲ್ಪನೆಯು ಪ್ರೊಸೆಸರಿನಲ್ಲಿ ಇರಲಿಲ್ಲ. ಅದು ಇದ್ದದ್ದು ಪ್ರೊಸೆಸರಿನ ಸುತ್ತ ಜೋಡಿಸಿದ ಅಂಗಗಳಲ್ಲಿ: ಕಾರ್ಡು ತೂರಿಸುವ ಸೀಳಿನಲ್ಲಿ, ಧ್ವನಿವರ್ಧಕದಲ್ಲಿ, ದೂರವಾಣಿ ತಂತಿಗೆ ಹೊಂದುವ ಮೋಡೆಮಿನಲ್ಲಿ, ಅಂಗಡಿಯಲ್ಲಿ ಸಿಗುವ ಎಎಎ ಗಾತ್ರದ ಕೋಶಗಳಲ್ಲಿ. ಯಂತ್ರಾಂಶದ ಪಟ್ಟಿಯನ್ನು ಓದುವಾಗ ವೇಗ ಮತ್ತು ಮೆಮೊರಿಯ ಅಂಕಿಗಳ ಮೇಲೆಯೇ ಕಣ್ಣಿಡುವ ನಮ್ಮ ಅಭ್ಯಾಸ ಎಷ್ಟು ಅಪೂರ್ಣವೆಂಬುದಕ್ಕೆ ಈ ಹೋಲಿಕೆ ಸಾಕು.

ದುರಸ್ತಿಯ ಪ್ರಶ್ನೆಯನ್ನೂ ಇಲ್ಲಿಯೇ ಎತ್ತಬೇಕು. ಟ್ರಸ್ಟ್ ತನ್ನ ಯಂತ್ರಾಂಶದ ವಿನ್ಯಾಸವನ್ನು ಒಂದು ಸಾರ್ವಜನಿಕ ಪರವಾನಗಿಯ ಅಡಿಯಲ್ಲಿ ಇತರರಿಗೆ ತೆರೆದಿಟ್ಟಿತು. ತಯಾರಕರು ಅದನ್ನು ಮಾರ್ಪಡಿಸಬಹುದು, ಮಾರ್ಪಾಡಿನ ಲಾಭವನ್ನು ಕೆಲಕಾಲ ತಾವೇ ಪಡೆಯಬಹುದು, ಅನಂತರ ಅದನ್ನು ಟ್ರಸ್ಟಿಗೆ ಮರಳಿಸಬೇಕು ಎಂಬುದು ಅದರ ಸಾರ. ಮೌಖಿಕ ಪರಂಪರೆಯಲ್ಲಿ ಪಾಠಾಂತರಗಳು ಹೇಗೆ ಎಲ್ಲರ ಸೊತ್ತಾಗುತ್ತವೆಯೋ ಹಾಗೆ ವಿನ್ಯಾಸದ ಪಾಠಾಂತರಗಳೂ ಸಾರ್ವಜನಿಕ ಸೊತ್ತಾಗಲಿ ಎಂಬ ಆಶಯ ಇದರಲ್ಲಿ ಕಾಣುತ್ತದೆ. ಆ ಕಾಲಕ್ಕೆ ತಂತ್ರಾಂಶದಲ್ಲಿ ಇಂಥ ಪರವಾನಗಿ ಪರಿಚಿತವಾಗಿತ್ತು. ಯಂತ್ರಾಂಶಕ್ಕೆ ಅದನ್ನು ವಿಸ್ತರಿಸಿದ್ದು ಸಾಹಸವೇ ಸರಿ. ಆದರೆ ನಕ್ಷೆ ತೆರೆದಿತ್ತೇ ಹೊರತು ಫಲಕ ತೆರೆದಿರಲಿಲ್ಲ. ನೇಗಿಲಿನ ಗುಳ ಸವೆದರೆ ಊರ ಕಮ್ಮಾರ ಹದಮಾಡುತ್ತಿದ್ದ, ಮೇಣಿ ಮುರಿದರೆ ಬಡಗಿ ಹೊಸದು ಕೂರಿಸುತ್ತಿದ್ದ. ಆಯಗಾರಿಕೆಯ ವ್ಯವಸ್ಥೆಯಲ್ಲಿ ಉಪಕರಣದ ಜೊತೆಗೇ ಅದರ ವೈದ್ಯನೂ ಊರಿನಲ್ಲಿ ಇರುತ್ತಿದ್ದ. ಬೆಸುಗೆಯ ಫಲಕದಲ್ಲಿ ಒಂದು ಚಿಪ್ಪು ಸತ್ತರೆ ಯಂತ್ರವನ್ನು ನಗರಕ್ಕೇ ಕಳುಹಿಸಬೇಕು. ಸಿಂಪ್ಯೂಟರಿನ ಮುಕ್ತತೆ ತಯಾರಕರವರೆಗೆ ಬಂದು ನಿಂತಿತು, ಊರಿನವರೆಗೆ ಬರಲಿಲ್ಲ.

ತೆರೆ ಮತ್ತು ಲಿಪಿ

ತೆರೆಯು ೩೨೦ ಮತ್ತು ೨೪೦ ಚುಕ್ಕಿಗಳ ಅಳತೆಯದು. ಕಡ್ಡಿಯಿಂದ ಮುಟ್ಟಿ ಸೂಚನೆ ಕೊಡಬಹುದಾದದ್ದು. ಕೀಲಿಮಣೆ ಇರಲಿಲ್ಲ. ರೋಮನ್ ಅಕ್ಷರವನ್ನು ಐದು ಚುಕ್ಕಿ ಅಗಲ, ಏಳು ಚುಕ್ಕಿ ಎತ್ತರದ ಚೌಕದಲ್ಲಿ ಹೇಗೋ ಓದುವಂತೆ ಮೂಡಿಸಬಹುದು. ತಲೆಕಟ್ಟು, ಗುಣಿತ, ಕೆಳಗಿನ ಒತ್ತು ಎಲ್ಲವೂ ಕೂಡಿದ ‘ಸ್ತ್ರೀ’, ‘ಲಕ್ಷ್ಮಿ’ಗಳಿಗೆ ಅದು ಎಲ್ಲಿ ಸಾಲೀತು? ಕನ್ನಡದ ಒಂದು ಸಾಲಿಗೆ ಇಪ್ಪತ್ತು ಚುಕ್ಕಿಗಳ ಎತ್ತರವೆಂದು ಹಿಡಿದರೂ ತೆರೆಯನ್ನು ನಿಲ್ಲಿಸಿ ಹಿಡಿದಾಗ ಹದಿನಾರು ಸಾಲು, ಅಡ್ಡಲಾಗಿ ಹಿಡಿದಾಗ ಹನ್ನೆರಡು ಸಾಲು ಹಿಡಿಸುತ್ತವೆ. ಚಿತ್ರಸಂಕೇತಗಳಿಗೂ ಜಾಗ ಬೇಕು. ಹೀಗಾಗಿ ಓದು ಬಲ್ಲವರಿಗೂ ಈ ತೆರೆ ದೀರ್ಘ ಬರಹದ ಜಾಗವಾಗಿರಲಿಲ್ಲ. ಯಂತ್ರಕ್ಕಾಗಿ ರೂಪಿಸಿದ ಮಾಹಿತಿ ಗುರುತುಭಾಷೆಯೊಂದು ಚಿತ್ರ, ಸ್ಪರ್ಶ ಮತ್ತು ಮಾತುಗಳನ್ನು ಹೆಣೆಯುವ ಕೆಲಸ ಮಾಡುತ್ತಿತ್ತು.

ಕಡ್ಡಿಯಿಂದ ಬರೆದುದನ್ನು ಗುರುತಿಸುವ ತಂತ್ರಾಂಶಕ್ಕೆ ‘ಟಪಟಪ’ ಎಂದು ಹೆಸರಿಟ್ಟಿದ್ದರು. ತಂತ್ರಜ್ಞಾನದ ನಾಮಕರಣದಲ್ಲಿ ನಮ್ಮ ಅನುಕರಣಾವ್ಯಯವೊಂದಕ್ಕೆ ಸ್ಥಾನ ಸಿಕ್ಕಿದ ಪ್ರಸಂಗವಾಗಿ ಇದನ್ನು ಭಾಷಾಶಾಸ್ತ್ರಜ್ಞರು ನೆನಪಿಡಬಹುದು.

ಓದಿ ಹೇಳುವ ಯಂತ್ರ

ಸಿಂಪ್ಯೂಟರಿನ ಯಂತ್ರಾಂಶದಲ್ಲಿ ಜಾನಪದ ದೃಷ್ಟಿಯಿಂದ ಅತ್ಯಂತ ಮಹತ್ವದ ಅಂಗ ಅದರ ಧ್ವನಿವ್ಯವಸ್ಥೆ. ಅಕ್ಷರ ಬಾರದವರಿಗೆ ಯಂತ್ರವೇ ಓದಿ ಹೇಳಲಿ ಎಂಬುದು ಇಡೀ ಯೋಜನೆಯ ಕೇಂದ್ರ ಆಶಯವಾಗಿತ್ತು. ಇದಕ್ಕಾಗಿ ರಮೇಶ್ ಹರಿಹರನ್ ಅವರ ನೇತೃತ್ವದಲ್ಲಿ ‘ಧ್ವನಿ’ ಎಂಬ ತಂತ್ರಾಂಶ ಸಿದ್ಧವಾಯಿತು. ಮನುಷ್ಯನೊಬ್ಬನ ಕಂಠದಿಂದ ಮೊದಲೇ ಮುದ್ರಿಸಿಕೊಂಡ ಸ್ವರ, ವ್ಯಂಜನ-ಸ್ವರ, ಸ್ವರ-ವ್ಯಂಜನಗಳ ತುಣುಕುಗಳನ್ನು ಸಂಕುಚಿತ ರೂಪದಲ್ಲಿ ಇಟ್ಟುಕೊಂಡು, ಬರಹ ಬಂದಂತೆ ಅವುಗಳನ್ನು ಒಂದರ ಪಕ್ಕ ಒಂದು ಜೋಡಿಸಿ ನುಡಿಸುವುದು ಅದರ ಕ್ರಮ. ದಶಮಾಂಶ ಲೆಕ್ಕದ ಘಟಕವಿಲ್ಲದ, ಫ್ಲ್ಯಾಶ್ ಮೆಮೊರಿ ಕೆಲವೇ ಮೆಗಾಬೈಟುಗಳಷ್ಟಿದ್ದ ಫಲಕಕ್ಕೆ ಈ ಕ್ರಮ ಹೇಳಿಮಾಡಿಸಿದಂತಿತ್ತು. ಧ್ವನಿಯನ್ನು ಗಣಿತದಿಂದ ಸೃಷ್ಟಿಸಲು ಭಾರೀ ಲೆಕ್ಕ ಬೇಕು. ತುಣುಕು ಜೋಡಿಸಲು ಅಷ್ಟು ಬೇಡ. ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳಲ್ಲಿ ಬರಹ ಉಚ್ಚಾರಗಳ ನಡುವೆ ಅಂತರ ಕಡಿಮೆ ಇರುವುದರಿಂದ ತುಣುಕುಗಳ ಸಂಖ್ಯೆಯೂ ಮಿತಿಯಲ್ಲಿ ಉಳಿಯುತ್ತದೆ. ಅಕ್ಷರವೆಂಬ ನಮ್ಮ ಪ್ರಾಚೀನ ಘಟಕವೇ ಇಲ್ಲಿ ಸಣ್ಣ ಯಂತ್ರಕ್ಕೆ ಆಸರೆಯಾಯಿತು. ಇಂಗ್ಲಿಷಿಗೆ ಈ ಅನುಕೂಲ ಇಲ್ಲ.

ಆದರೆ ಇಲ್ಲಿ ಎರಡು ಮಾತುಗಳನ್ನು ಹೇಳದೆ ಮುಂದುವರಿಯಲಾಗದು.

ಮೊದಲನೆಯದು ಒಂದು ಸಾಮಾನ್ಯ ಹೋಲಿಕೆಯನ್ನು ಕುರಿತದ್ದು. ಸಾವಿರಾರು ಸಾಲುಗಳನ್ನು ಹಾಡುವ ಕಲಾವಿದರ ನೆನಪನ್ನು ಗಣಕದ ಮೆಮೊರಿಗೆ ಹೋಲಿಸುವುದು ಸಭೆಗಳಲ್ಲಿ ಕೇಳಿಬರುವ ರೂಢಿ. ಹೋಲಿಕೆ ಆಕರ್ಷಕವಾದರೂ ತಪ್ಪು ಎಂದು ನನ್ನ ಅಭಿಪ್ರಾಯ. ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಯುಗೋಸ್ಲಾವಿಯದ ಗಾಯಕರನ್ನು ಅಧ್ಯಯನ ಮಾಡಿ ಹೇಳಿದಂತೆ, ಮೌಖಿಕ ಮಹಾಕಾವ್ಯದ ಗಾಯಕನು ಇಟ್ಟದ್ದನ್ನು ತೆಗೆದು ಒಪ್ಪಿಸುವವನಲ್ಲ. ಸಿದ್ಧ ನುಡಿಗಟ್ಟುಗಳನ್ನು ಆಧರಿಸಿ ಪ್ರತಿ ಪ್ರದರ್ಶನದಲ್ಲಿಯೂ ಕಾವ್ಯವನ್ನು ಹೊಸದಾಗಿ ಕಟ್ಟುವವನು. ಮಲೆಯ ಮಾದೇಶ್ವರನ ಕಾವ್ಯ ಹಾಡುವ ಕಂಸಾಳೆಯವರಲ್ಲಿ, ಮಂಟೇಸ್ವಾಮಿ ಕಾವ್ಯದ ನೀಲಗಾರರಲ್ಲಿ ಇದನ್ನು ನಮ್ಮ ವಿದ್ವಾಂಸರು ಮತ್ತೆ ಮತ್ತೆ ಕಂಡಿದ್ದಾರೆ. ಮೇಲುನೋಟಕ್ಕೆ ‘ಧ್ವನಿ’ಯೂ ತುಣುಕುಗಳಿಂದ ಕಟ್ಟುತ್ತದೆ, ಗಾಯಕನೂ ನುಡಿಗಟ್ಟುಗಳಿಂದ ಕಟ್ಟುತ್ತಾನೆ. ವ್ಯತ್ಯಾಸವಿರುವುದು ಎದುರಿಗಿರುವ ಕೇಳುಗನಲ್ಲಿ. ಸೊಲ್ಲು ಹಿಡಿಯುವವರ ದನಿ, ಹರಕೆ ಹೊತ್ತ ಒಕ್ಕಲಿನ ಮುಖ, ರಾತ್ರಿ ಎಷ್ಟು ಉಳಿದಿದೆ ಎಂಬ ಅಂದಾಜು ಇವು ಗಾಯಕನ ಕಟ್ಟೋಣವನ್ನು ನಿರ್ದೇಶಿಸುತ್ತವೆ. ಯಂತ್ರವನ್ನು ನಿರ್ದೇಶಿಸುವುದು ಬರಹವೊಂದೇ. ಆದ್ದರಿಂದ ಓದಿ ಹೇಳುವ ಯಂತ್ರವು ಮೌಖಿಕ ಪರಂಪರೆಯ ಮುಂದುವರಿಕೆಯಲ್ಲ. ಅದು ಪುರಾಣ ಓದುವ ಗಮಕಿಯ, ಕಾಗದ ಓದಿ ಹೇಳುತ್ತಿದ್ದ ಶಾಲಾ ಮಾಸ್ತರರ ಸಾಲಿಗೆ ಸೇರಿದ್ದು. ಬರಹದ ಅಧಿಕಾರವನ್ನು ಅದು ಒಪ್ಪಿಕೊಂಡೇ ಕೆಲಸ ಆರಂಭಿಸುತ್ತದೆ.

ಎರಡನೆಯದು ಕಂಠವನ್ನು ಕುರಿತದ್ದು. ತುಣುಕುಗಳೆಲ್ಲ ಒಂದೇ ಕಂಠದವು, ಒಂದೇ ಉಚ್ಚಾರದವು. ಧಾರವಾಡ ಸೀಮೆಯ ಜೋಳ ಬೆಳೆಯುವವರಿಗೂ ಕೊಳ್ಳೇಗಾಲದ ರಾಗಿ ಬೆಳೆಯುವವರಿಗೂ ಕುಂದಾಪುರದ ಬೆಸ್ತರಿಗೂ ಅದು ಶಿಷ್ಟ ಬರಹಗನ್ನಡವನ್ನೇ ಓದಿ ಹೇಳುತ್ತದೆ. ಮಾತಿನ ಏರಿಳಿತವೂ ಅದಕ್ಕೆ ಬರುತ್ತಿರಲಿಲ್ಲ. ‘ಬಹುಭಾಷಿಕ’ ಎಂಬ ವಿಶೇಷಣದಲ್ಲಿ ಹಿಂದಿ, ಕನ್ನಡಗಳು ಸೇರಿದ್ದವು. ಒಂದು ಕನ್ನಡದೊಳಗಿನ ಹಲವು ಕನ್ನಡಗಳು ಸೇರಿರಲಿಲ್ಲ. ಇಷ್ಟು ಚಿಕ್ಕ ಫಲಕದಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ ನಿಜ. ಆದರೆ ಜನಭಾಷೆಯೆಂದರೆ ಲಿಪಿಯಿರುವ ಭಾಷೆ ಎಂಬ ಗ್ರಹಿಕೆ ಅಲ್ಲಿ ಅಡಗಿದ್ದುದನ್ನು ಗುರುತಿಸಬೇಕು. ತುಳು, ಕೊಡವ, ಬ್ಯಾರಿ, ಲಂಬಾಣಿ ಮಾತಾಡುವ ಮನೆಗಳಿಗೆ ಆ ಯಂತ್ರ ಪರಭಾಷೆಯಲ್ಲಿಯೇ ಮಾತನಾಡಬೇಕಿತ್ತು.

ಇವೆರಡಕ್ಕಿಂತ ದೊಡ್ಡ ಮಿತಿ ಇನ್ನೊಂದಿತ್ತು. ಯಂತ್ರಕ್ಕೆ ಬಾಯಿ ಇತ್ತು. ಮಾತನ್ನು ಅರ್ಥಮಾಡಿಕೊಳ್ಳುವ ಕಿವಿ ಇರಲಿಲ್ಲ. ಕನ್ನಡದ ಮಾತನ್ನು ಕೇಳಿ ಗುರುತಿಸುವುದು ಆ ಪ್ರೊಸೆಸರಿನ ಅಳವಿಗೆ ಮೀರಿದ್ದು. ಹೀಗಾಗಿ ಹಳ್ಳಿಗನು ಕೇಳುಗನಾಗಿ ಮಾತ್ರ ಉಳಿದನು. ಪೇಟೆಯ ಧಾರಣೆ, ಪಹಣಿಯ ವಿವರ, ಆರೋಗ್ಯದ ಸಲಹೆ ಇವು ಮೇಲಿನಿಂದ ಕೆಳಕ್ಕೆ ಇಳಿಯುವ ಮಾತುಗಳು. ಅದೇ ವರ್ಷಗಳಲ್ಲಿ ನಡೆದುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ೨೦೦೩ರ ಮೇ ತಿಂಗಳಿನಿಂದ ಭಾರತದಲ್ಲಿ ಮೊಬೈಲಿಗೆ ಬರುವ ಕರೆಗಳು ಉಚಿತವಾದವು. ಅದೇ ವರ್ಷ ರಿಲಯನ್ಸ್ ಸಂಸ್ಥೆ ೫೦೧ ರೂಪಾಯಿ ಆರಂಭಿಕ ಪಾವತಿಗೆ ಮೊಬೈಲ್ ಕೊಡುವ ಯೋಜನೆ ಪ್ರಕಟಿಸಿತು. ಆ ಮೊಬೈಲುಗಳಲ್ಲಿ ಕನ್ನಡ ಲಿಪಿ ಅಪರೂಪ, ಓದಿ ಹೇಳುವ ಸೌಲಭ್ಯ ಇಲ್ಲ. ಆದರೂ ಅಕ್ಷರ ಬಾರದವರು ಅದನ್ನು ಎತ್ತಿಕೊಂಡರು. ಅಂಕಿ ಗುರುತಿಸಿದರೆ ಸಾಕು, ಆಚೆ ಕಡೆ ಮಗಳ ದನಿ. ದುಡ್ಡು ಖರ್ಚಾಗದಂತೆ ಒಮ್ಮೆ ಗಂಟೆ ಹೊಡೆಸಿ ಬಿಡುವ ‘ಮಿಸ್ ಕಾಲ್’ ಎಂಬ ಸಂಕೇತವ್ಯವಸ್ಥೆಯನ್ನು ಬಳಕೆದಾರರೇ ಕಟ್ಟಿಕೊಂಡರು; ಅದನ್ನು ಯಾವ ವಿನ್ಯಾಸಕನೂ ರೂಪಿಸಿರಲಿಲ್ಲ. ಬೇಕಾಗಿದ್ದುದು ಮಾತನಾಡುವ ಯಂತ್ರವಲ್ಲ, ಮನುಷ್ಯರೊಡನೆ ಮಾತನಾಡಿಸುವ ಯಂತ್ರ ಎಂಬುದು ಜನರ ನಡವಳಿಕೆಯಿಂದ ಸ್ಪಷ್ಟವಾಯಿತು.

ಕಾರ್ಡು ಮತ್ತು ಊರ ಸೊತ್ತು

ಸಿಂಪ್ಯೂಟರಿನ ಮತ್ತೊಂದು ವಿಶಿಷ್ಟ ಅಂಗ ಸ್ಮಾರ್ಟ್ ಕಾರ್ಡ್ ತೂರಿಸುವ ಸೀಳು. ಬೆಲೆ ಸುಮಾರು ೯,೦೦೦ ರೂಪಾಯಿ ಆಗಬಹುದೆಂದು ಆರಂಭದಲ್ಲಿ ಅಂದಾಜಿತ್ತು. ಕೂಲಿಕಾರರ ಮನೆಗೆ ಅದು ದೊಡ್ಡ ಮೊತ್ತ. ಆದ್ದರಿಂದ ಯಂತ್ರವನ್ನು ಪಂಚಾಯಿತಿಯೋ ಶಾಲೆಯೋ ಅಂಚೆಯವನೋ ಅಂಗಡಿಕಾರನೋ ಇಟ್ಟುಕೊಳ್ಳಲಿ. ಬೇಕಾದವರು ಸ್ವಲ್ಪ ಹೊತ್ತು ಪಡೆದು ಮುಂದಿನವರಿಗೆ ದಾಟಿಸಲಿ. ಪ್ರತಿಯೊಬ್ಬರ ಖಾಸಗಿ ವಿವರ ಅವರವರ ಕಾರ್ಡಿನಲ್ಲಿ ಉಳಿಯಲಿ ಎಂಬುದು ಯೋಜನೆ. ಕಾರ್ಡು ತೂರಿಸಿದಾಗ ಯಂತ್ರ ಆ ವ್ಯಕ್ತಿಯದಾಗುತ್ತದೆ, ತೆಗೆದಾಗ ಊರಿನದಾಗುತ್ತದೆ.

ಗಣಕವನ್ನು ಒಬ್ಬ ವ್ಯಕ್ತಿಯ ಒಡವೆಯೆಂದು ಭಾವಿಸಿದ್ದ ಕಾಲದಲ್ಲಿ ಇದು ನಿಜಕ್ಕೂ ಬೇರೆಯ ಚಿಂತನೆ. ನಮ್ಮ ಹಳ್ಳಿಗಳಿಗೆ ಮಾತ್ರ ಇದು ಹೊಸದಲ್ಲ. ಕಲ್ಲು ಒಂದೇ ಮನೆಯದಾದರೂ ಬೀಸುವ ಜೋಳ ಅವರವರದು. ಆಲೆಮನೆಯ ಗಾಣ, ಕೊಪ್ಪರಿಗೆಗಳು ಸರದಿಯ ಮೇಲೆ ಓಡುತ್ತವೆ. ಬೆಲ್ಲದ ಅಚ್ಚು ಯಾರ ಕಬ್ಬಿನದೋ ಅವರ ಮನೆಗೆ ಹೋಗುತ್ತದೆ. ಮದುವೆ, ಜಾತ್ರೆಗಳ ದೊಡ್ಡ ಹಂಡೆ ಕೊಳದಪ್ಪಲೆಗಳು ಗುಡಿಯ ವಶದಲ್ಲಿದ್ದು ಊರವರ ಬಳಕೆಗೆ ಒದಗುತ್ತವೆ. ಮುಯ್ಯಾಳು ಪದ್ಧತಿಯಲ್ಲಿ ದುಡಿಮೆಯೇ ಸರದಿಯ ಮೇಲೆ ತಿರುಗುತ್ತದೆ. ಈ ಪರಂಪರೆಯನ್ನು ವಿನ್ಯಾಸಕರು ಅಧ್ಯಯನ ಮಾಡಿದ್ದರೆಂದು ಹೇಳಲು ಆಧಾರ ಬೇಡ; ಆರ್ಥಿಕ ಅನಿವಾರ್ಯತೆಯೇ ಅವರನ್ನು ಅಲ್ಲಿಗೆ ತಂದು ನಿಲ್ಲಿಸಿತು.

ಆದರೆ ಹಂಚಿ ಬಳಸುವ ಉಪಕರಣಕ್ಕೆ ಒಂದು ನೆಲೆ ಬೇಕು, ಆ ನೆಲೆಗೊಂದು ಹೊಸ್ತಿಲು ಇರುತ್ತದೆ. ಗುಡಿಯ ಪಾತ್ರೆ ಊರಿನದು ಎನ್ನುವಾಗ ಆ ‘ಊರು’ ಎಲ್ಲಿಗೆ ಮುಗಿಯುತ್ತಿತ್ತು? ಕೇರಿಯ ಮದುವೆಗೆ ಆ ಹಂಡೆ ಹೋಗುತ್ತಿತ್ತೇ? ಬಾವಿಗಳ ಇತಿಹಾಸ ಈ ಪ್ರಶ್ನೆಗೆ ಉತ್ತರ ಹೇಳುತ್ತದೆ. ಪಂಚಾಯಿತಿ ಕಟ್ಟೆಯ ಮೇಲೆ ಗಂಡಸರ ಎದುರು ಕುಳಿತು ತನ್ನ ಬಸಿರಿನ ವಿಚಾರವನ್ನು ಯಂತ್ರಕ್ಕೆ ಕೇಳುವ ಹೆಣ್ಣುಮಗಳನ್ನು ಊಹಿಸಿಕೊಳ್ಳುವುದು ಕಷ್ಟ. ಉತ್ತರವನ್ನು ಅದು ಗಟ್ಟಿಯಾಗಿ ಓದಿ ಹೇಳುವುದಂತೂ ಇನ್ನೂ ಕಷ್ಟ. ಸಾಲ ಕೊಟ್ಟ ಅಂಗಡಿಕಾರನ ಗಲ್ಲಾಪೆಟ್ಟಿಗೆಯ ಮುಂದೆ ತನ್ನ ಉಳಿತಾಯದ ಲೆಕ್ಕ ನೋಡುವ ಕೂಲಿಕಾರನ ಸ್ಥಿತಿಯೂ ಅಷ್ಟೇ. ಕಾರ್ಡು ಮಾಹಿತಿಯ ಖಾಸಗಿತನವನ್ನು ಕಾಯಿತು. ಸ್ಥಳದ ಖಾಸಗಿತನವನ್ನು ಕಾಯುವ ಅಂಗ ಯಂತ್ರದಲ್ಲಿರಲಿಲ್ಲ. ಬೀಸುವ ಕಲ್ಲಿನ ಸುತ್ತ ಹಾಡು ಹುಟ್ಟಿದ್ದು ಕಲ್ಲು ಹಂಚಿಕೆಯದು ಎಂಬ ಕಾರಣಕ್ಕೆ ಮಾತ್ರವಲ್ಲ. ಬೆಳಗಿನ ಜಾವದ ಆ ಜಾಗ ಹೆಂಗಸರದಾಗಿತ್ತು ಎಂಬ ಕಾರಣಕ್ಕೆ. ಹಂಚಿಕೆ ಎಲ್ಲಿ, ಯಾರ ಕಣ್ಣೆದುರು ಎಂಬುದು ಉಪಕರಣದ ರಚನೆಯಷ್ಟೇ ಮುಖ್ಯವೆಂಬ ತಿಳಿವಳಿಕೆ ನಮ್ಮ ಶಿಸ್ತಿನಲ್ಲಿ ಆಗಲೇ ಇತ್ತು. ಅದನ್ನು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ.

ನಂತರದ ದಿನಗಳು

ಅಮಿಡಾ ಮಾದರಿಯ ಬೆಲೆ ಹತ್ತು ಸಾವಿರದ ಆಸುಪಾಸಿನಿಂದ ಆರಂಭವಾಗಿ ಬಣ್ಣದ ತೆರೆಯುಳ್ಳದ್ದಕ್ಕೆ ಇಪ್ಪತ್ತು ಸಾವಿರದ ಹತ್ತಿರ ಹೋಗುತ್ತಿತ್ತು. ಯಂತ್ರವನ್ನು ಓರೆ ಮಾಡಿದರೆ, ಕುಲುಕಿದರೆ ಪುಟ ಮಗುಚುವ ಚಲನಸಂವೇದಕ ಅದರಲ್ಲಿತ್ತು. ಮೊಬೈಲುಗಳಲ್ಲಿ ಇದು ಮನೆಮಾತಾದದ್ದು ಹಲವು ವರ್ಷಗಳ ಮೇಲೆ. ೨೦೦೫ರ ಹೊತ್ತಿಗೆ ಮಾರಾಟವಾ‍ದವು ಸುಮಾರು ನಾಲ್ಕು ಸಾವಿರವೆಂದು ಪತ್ರಿಕೆಗಳು ವರದಿ ಮಾಡಿದವು. ಕರ್ನಾಟಕದಲ್ಲಿ ಭೂದಾಖಲೆಗಳ ಭೂಮಿ ಯೋಜನೆಯ ಮಾಹಿತಿ ಸಂಗ್ರಹಕ್ಕೆ, ಛತ್ತೀಸಗಡದಲ್ಲಿ ಶಿಕ್ಷಣಕ್ಕೆ ಸಿಂಪ್ಯೂಟರನ್ನು ಬಳಸಿದ್ದುಂಟು. ಎನ್‌ಕೋರ್ ಸಂಸ್ಥೆ ಇದೇ ನೆಲೆಯ ಮೇಲೆ ಸೈನ್ಯಕ್ಕಾಗಿ ‘ಸಾಥಿ’ ಎಂಬ ಕೈಗಣಕವನ್ನು ರೂಪಿಸಿತು. ಪಂಚಾಯಿತಿ ಕಟ್ಟೆಗೆಂದು ಹೊರಟ ಯಂತ್ರದ ವಂಶ ಗಡಿಯ ಕಾವಲಿಗೆ ಹೋಗಿ ಸೇರಿತು.

ಫಲಕದ ವಿನ್ಯಾಸವನ್ನು ತೆರೆದಿಡುವ ಕಲ್ಪನೆ ಆಮೇಲೆ ಬೇರೆ ಕಡೆ ಚಿಗುರಿತು. ಅಮೆರಿಕದಲ್ಲಿ ೨೦೦೮ರಲ್ಲಿ ಬಂದ ಬೀಗಲ್‌ಬೋರ್ಡ್ ತನ್ನ ನಕ್ಷೆಯನ್ನು ಪ್ರಕಟಿಸಿತು. ೨೦೧೨ರಲ್ಲಿ ಕೇಂಬ್ರಿಜ್‌ನಿಂದ ಬಂದ ರಾಸ್ಪ್‌ಬೆರಿ ಪೈ, ೩೫ ಡಾಲರಿಗೆ ಏಕಫಲಕ ಗಣಕವನ್ನು ವಿದ್ಯಾರ್ಥಿಗಳ ಕೈಗಿಟ್ಟಿತು. ಇವುಗಳ ಬಳಕೆದಾರ ಕಲಿಯುವ ಹುಡುಗ ಅಥವಾ ಹವ್ಯಾಸಿ. ಅಕ್ಷರ ಬಾರದ ರೈತ ಈ ಫಲಕಗಳ ಕಲ್ಪನೆಯಲ್ಲಿಯೇ ಇಲ್ಲ.

ಇದಕ್ಕಿಂತ ಕುತೂಹಲಕರವಾದುದು ಕಾರ್ಡಿನ ಗತಿ. ಸಾಮುದಾಯಿಕ ಯಂತ್ರ, ವೈಯಕ್ತಿಕ ಕೀಲಿ ಎಂಬ ಜೋಡಣೆ ಸಿಂಪ್ಯೂಟರಿನೊಂದಿಗೆ ಕಣ್ಮರೆಯಾಗಲಿಲ್ಲ. ನ್ಯಾಯಬೆಲೆ ಅಂಗಡಿಯ ಮೇಜಿನ ಮೇಲಿರುವ ಪಡಿತರ ಯಂತ್ರ, ಹಳ್ಳಿಗೆ ಬರುವ ಬ್ಯಾಂಕ್ ಪ್ರತಿನಿಧಿಯ ಕೈಯಲ್ಲಿರುವ ಯಂತ್ರ ಎರಡೂ ಅದೇ ಕುಲದ ಉಪಕರಣಗಳು. ಊರಿಗೆಲ್ಲ ಒಂದು ಯಂತ್ರ. ತೆರೆಯುವ ಕೀಲಿ ಮಾತ್ರ ಅವರವರದು. ಬದಲಾದದ್ದು ಕೀಲಿ. ಜೇಬಿನಲ್ಲಿದ್ದ ಕಾರ್ಡಿನ ಬದಲು ಹೆಬ್ಬೆರಳು ಬಂದಿದೆ. ಕಾರ್ಡನ್ನು ಮೊಮ್ಮಗನ ಕೈಯಲ್ಲಿ ಕೊಟ್ಟು ಕಳುಹಿಸಬಹುದಿತ್ತು. ಕಳೆದರೆ ಇನ್ನೊಂದು ಮಾಡಿಸಬಹುದಿತ್ತು. ಕಳೆ ಕಿತ್ತು, ಕಲ್ಲು ಹೊತ್ತು, ಬಟ್ಟೆ ಒಗೆದು ಸವೆದ ಬೆರಳನ್ನು ಯಂತ್ರ ಗುರುತಿಸದಿದ್ದರೆ ಮುದುಕಿ ಮತ್ತೆ ಮತ್ತೆ ಒತ್ತುತ್ತಾಳೆ. ಓದು ಬಾರದವರ ಹೆಬ್ಬೆಟ್ಟು ನಮ್ಮಲ್ಲಿ ಬಹುಕಾಲ ಅವಮಾನದ ಗುರುತಾಗಿತ್ತು. ‘ಹೆಬ್ಬೆಟ್ಟು’ ಎಂಬುದೇ ಒಂದು ಬೈಗುಳ. ಅದೇ ಈಗ ಸಾಕ್ಷರರಿಗೂ ಅನಿವಾರ್ಯ ಸಹಿಯಾಗಿದೆ. ಈ ಯಂತ್ರಗಳ ಸುತ್ತ ಹುಟ್ಟುತ್ತಿರುವ ಮಾತುಗಳು, ಬೆರಳಿಗೆ ಎಣ್ಣೆ ಹಚ್ಚುವ, ಒರೆಸಿಕೊಳ್ಳುವ ಉಪಾಯಗಳು, ಸರದಿಯಲ್ಲಿ ನಿಂತವರ ಹಾಸ್ಯಗಳು ಕ್ಷೇತ್ರಕಾರ್ಯಕ್ಕೆ ಕಾದಿರುವ ಸಾಮಗ್ರಿ.

ಸಿಂಪ್ಯೂಟರಿನ ದಾಖಲೀಕರಣದ ಕುರಿತು ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯಗಳಿಗೆ ಒಂದೆರಡು ಮಾತು. ರಾಮನಗರದ ಜಾನಪದ ಲೋಕವನ್ನು ಎಚ್.ಎಲ್. ನಾಗೇಗೌಡರು ೧೯೯೪ರಲ್ಲಿ ಕಟ್ಟಿದಾಗ ಕೊಳಗ, ಕೂರಿಗೆಗಳು ಇನ್ನೂ ಹಲವು ಮನೆಗಳಲ್ಲಿ ಬಳಕೆಯಲ್ಲಿದ್ದವು. ಬಳಕೆ ತಪ್ಪುವ ಮೊದಲೇ ಕೂಡಿಸಿದ್ದರಿಂದ ಬಳಸಿದವರ ವಿವರಣೆಯೂ ಸಿಕ್ಕಿತು. ಸಿಂಪ್ಯೂಟರಿನ ವಿಷಯದಲ್ಲಿ ಆ ಅವಧಿ ಮೀರುತ್ತಿದೆ. ಯಂತ್ರ ಸಿಕ್ಕಿದಲ್ಲಿ ಅದರ ಜೊತೆಗೆ ಪರವಾನಗಿಯ ಪಾಠ, ಫಲಕದ ನಕ್ಷೆ, ಅದನ್ನು ಬಳಸಿದ ಶಿಕ್ಷಕರ ಮತ್ತು ಗ್ರಾಮಲೆಕ್ಕಿಗರ ಧ್ವನಿಮುದ್ರಿತ ಹೇಳಿಕೆಗಳನ್ನೂ ಕೂಡಿಸಬೇಕು. ಫ್ಲ್ಯಾಶ್ ಮೆಮೊರಿ ಶಾಶ್ವತವಲ್ಲ. ಅದರಲ್ಲಿನ ವಿದ್ಯುದಂಶ ಕಾಲಕ್ರಮದಲ್ಲಿ ಸೋರುತ್ತದೆ, ತಯಾರಕರು ಸಾಮಾನ್ಯವಾಗಿ ಹೇಳುವ ಅವಧಿ ಹತ್ತರಿಂದ ಇಪ್ಪತ್ತು ವರ್ಷ. ಆದ್ದರಿಂದ ಯಂತ್ರಕ್ಕೆ ನಮೂದು ಸಂಖ್ಯೆ ಕೊಡುವ ಮೊದಲು ಒಳಗಿನ ತಂತ್ರಾಂಶವನ್ನೂ ಕನ್ನಡದ ಧ್ವನಿತುಣುಕುಗಳನ್ನೂ ಬೇರೆಡೆಗೆ ನಕಲು ಮಾಡಿಕೊಳ್ಳಬೇಕು. ಕೋಶಗಳನ್ನು ಹೊರತೆಗೆದು ಇಡಬೇಕು. ಒಳಗೇ ಬಿಟ್ಟ ಕೋಶ ಸೋರಿ ಫಲಕದ ತಾಮ್ರವನ್ನು ತಿನ್ನುತ್ತದೆ.